ಗುಬ್ಬಿಮರಿ ಹಾರಿಹೋಗಲಿಲ್ಲ

ಪ್ರೀತಿಯ ಮಗಳಿಗೆ,

ನಾವು ಮೂವರೂ ಚೆನ್ನಾಗಿದ್ದೇವೆ. ನಿನ್ನ ಆಪರೇಷನ್ನಿನ ಹೊಲಿಗೆ ಮಾಯುತ್ತಿದೆಯೆಂದು ಅಳಿಯಂದಿರು ಹೇಳಿದ ಮೇಲೆ ಹೋದ ಜೀವ ಬಂದ ಹಾಗಾಯಿತು. ಇಲ್ಲಿ ನಡೆದ ಒಂದು ವಿಷಯವನ್ನು ಫೋನಿನಲ್ಲೇ ಹೇಳೋಣವೆಂದರೆ ನಿನ್ನ ಮಗಳ ಕಿವಿ ಬಹಳ ಚುರುಕು. ಅದಕ್ಕೇ ಬರೆಯುತ್ತಿದ್ದೇನೆ.

ಪುಟ್ಟಿ ದಿನವೂ ಸ್ಟೂಲು ಹತ್ತಿ ನೋಡುತ್ತಿದ್ದ ಬಾಲ್ಕನಿಯ ಗೂಡಿನಿಂದ ಮೊನ್ನೆ ಒಂದು ಗುಬ್ಬಿಮರಿಯನ್ನು ಬೆಕ್ಕು ಹೊತ್ತೊಯ್ದಿತು. ನಿನ್ನ ಅಪ್ಪ ಪುಕ್ಕಗಳನ್ನೆಲ್ಲ ಗುಡಿಸಿ, "ಹಾರಿಹೋಯ್ತು ಅಂದ್ಬಿಡೋಣ ಕಣೇ, ಮಗು ಅಳುತ್ತೆ" ಎಂದರು. ನಾನು ಒಪ್ಪಲಿಲ್ಲ. ಸ್ಕೂಲಿನಿಂದ ಬಂದವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನಡೆದದ್ದನ್ನೇ ಹೇಳಿದೆ. ಅತ್ತಳು, ಊಟ ಬೇಡವೆಂದಳು.

ಸಂಜೆ ಅಜ್ಜ ಅವಳನ್ನು ಬಾಲ್ಕನಿಗೆ ಕರೆದೊಯ್ದರು. ತಾಯಿಗುಬ್ಬಿ ಉಳಿದ ಮರಿಗೆ ಹುಳ ತಿನ್ನಿಸುತ್ತಿತ್ತು. "ಅದಕ್ಕೂ ದುಃಖ ಇರುತ್ತೆ ಪುಟ್ಟಿ. ಆದ್ರೂ ಇರೋ ಮರೀನ ನೋಡ್ಕೋಬೇಕಲ್ಲ" ಎಂದರು. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಒಳಗೆ ಬಂದು ನನ್ನ ಕೈ ಹಿಡಿದು, "ಅಜ್ಜಿ, ನೀನು ಸುಳ್ಳು ಹೇಳಲ್ಲ ಅಲ್ವಾ? ಅಮ್ಮ ಹೋಗಿರೋದು ಆಫೀಸ್ ಕೆಲಸಕ್ಕಾ?" ಎಂದಳು.

"ಅಮ್ಮನೇ ಹೇಳ್ತಾಳೆ" ಎಂದೆ. ಅವಳು ನಿನ್ನ ದಿಂಬು ತಂದು ನನ್ನ ಪಕ್ಕ ಮಲಗಿದಳು.

ಕಾಯಿಲೆಯನ್ನು ನೀನು ಮುಚ್ಚಿಟ್ಟದ್ದು ಅವಳ ಒಳ್ಳೆಯದಕ್ಕೇ, ನನಗೆ ಗೊತ್ತು. ಆದರೂ ಈ ಪತ್ರ ತಲುಪಿದ ದಿನವೇ ಫೋನ್ ಮಾಡು. ಆಸ್ಪತ್ರೆಯಲ್ಲಿದ್ದೇನೆಂದು ನಿನ್ನ ಬಾಯಿಂದಲೇ ಹೇಳು. ಅತ್ತರೆ ಅಳಲಿ, ಎತ್ತಿಕೊಳ್ಳಲು ನಾವಿದ್ದೇವೆ.

ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗು.

ನಿನ್ನ ಅಮ್ಮ