ಅಮ್ಮನ ಹೊಲಿಗೆ ಮೆಷಿನ್ ನಿನಗೇ

ಮಾರ್ಚ್ ಒಂಬತ್ತು, ಮಧ್ಯಾಹ್ನ

ತಂಗಿ ಗುಬ್ಬಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಅಮ್ಮನ ಮನೆಯನ್ನು ಮಾರಾಟಕ್ಕೆ ಅಣಿ ಮಾಡುವುದೆಂದರೆ ನೀನು ತಿಳಿದಂತೆ ಕಸ ಗುಡಿಸಿ ಬೀಗ ಹಾಕುವುದಲ್ಲ. ಸೋರುವ ನಲ್ಲಿ, ಗೆದ್ದಲು ಹಿಡಿದ ಬಾಗಿಲು, ಗೋಡೆಯ ಬಣ್ಣ, ಎಲ್ಲಕ್ಕೂ ನಾನೇ ಮುಂದೆ ನಿಂತೆ. ಸೊಂಟ ಹಿಡಿದುಕೊಂಡಿದೆ. ದೂರುತ್ತಿಲ್ಲ, ಸುದ್ದಿ ತಿಳಿಸುತ್ತಿದ್ದೇನೆ.

ಪೇಂಟರ್ ಕೆಲಸಗಾರ, ಬಾಯಿ ಮಾತ್ರ ಜಾಸ್ತಿ. ನಿನ್ನ ಕೋಣೆಗೆ ಕಾಲಿಟ್ಟವನೇ, "ಅಮ್ಮಾ, ಇದು ಯಾರ ರೂಮು? ಏನ್ ಬೆಳಕು!" ಅಂದ.

"ಚಿಕ್ಕವಳದು."

"ನಿಮ್ದು ಯಾವ್ದು?"

ತೋರಿಸಿದೆ.

"ಅಯ್ಯೋ, ಅದು ಸಾಮಾನು ತುಂಬೋ ಕೋಣೆ ಅಂದ್ಕೊಂಡಿದ್ದೆ!"

ಅವನಿಗೆ ಆ ದಿನ ಎರಡನೇ ಸಲ ಚಹಾ ಸಿಗಲಿಲ್ಲ.

ಎದುರುಮನೆ ಅಜ್ಜಿ ದಿನಾ ಬಂದು ವಿಚಾರಿಸುತ್ತಾರೆ, ನನ್ನನ್ನಲ್ಲ, ನಿನ್ನನ್ನು. "ಚಿಕ್ಕವಳು ಬರ್ಲಿಲ್ವೇನೇ? ಅವಳು ನಕ್ಕರೆ ಬೀದಿಗೆಲ್ಲಾ ಕೇಳ್ತಿತ್ತು."

"ಕಸ ಹೊರೋದಕ್ಕೆ ನಗು ಬೇಕಾಗಿಲ್ಲ ಅಜ್ಜಿ, ನಾನೇ ಸಾಕು" ಅಂದೆ.

"ಹಲ್ಲು ಉದುರಿದ್ರೂ ನಿನ್ ನಾಲಿಗೆ ಮೊಂಡಾಗ್ಲಿಲ್ಲ ನೋಡು" ಎನ್ನುತ್ತಾ ಹೊರಟರು. ಹೇಳಿಕೊಳ್ಳುವಷ್ಟು ಹಲ್ಲೇನೂ ಉದುರಿಲ್ಲ.

ಕೊಳ್ಳುವವರು ಗಂಡ ಹೆಂಡತಿ, ಸಭ್ಯರು. ಇಪ್ಪತ್ತನೇ ತಾರೀಖಿನೊಳಗೆ ಮನೆ ಖಾಲಿ ಮಾಡಿಕೊಡಬೇಕು. ಆಕೆ ಅಮ್ಮನ ಹೊಲಿಗೆ ಮೆಷಿನ್ ಸವರಿ, "ಇದನ್ನೂ ಕೊಡ್ತೀರಾ?" ಎಂದರು. "ಇಲ್ಲ, ಅದು ನನ್ನ ತಂಗಿಗೆ" ಎಂದು ಕೈ ತೆಗೆಸಿದೆ.

ಎಣ್ಣೆ ಬಿಟ್ಟು, ಬೆಲ್ಟ್ ಬದಲಿಸಿ, ಕಂಬಳಿ ಸುತ್ತಿ ಕಟ್ಟಿಟ್ಟಿದ್ದೇನೆ. ಹದಿನೆಂಟಕ್ಕೆ ನಿನ್ನ ಗಂಡ ವ್ಯಾನ್ ತರಲಿ. ಒಂದು ಗುಂಡಿ ಕಿತ್ತುಹೋದರೂ ದರ್ಜಿಯ ಹತ್ತಿರ ಓಡುವ ನಿನಗೆ ಮೆಷಿನ್ ಏಕೆಂದು ನಾನು ಕೇಳುವುದಿಲ್ಲ. ನಡುಮನೆಯಲ್ಲಿಟ್ಟು ಮೇಲೆ ಹೂವಿನ ಕುಂಡ ಇಡುತ್ತೀಯಂತೆ. ನಿನ್ನಿಷ್ಟ. ನಿನ್ನ ಲಂಗ ರವಿಕೆಗಳನ್ನೆಲ್ಲ ಅದರಲ್ಲಿ ಹೊಲಿದವಳು ನಾನು. ಕೊರಳ ಪಟ್ಟಿ ತಿರುಗಿಸುವುದು ಬಾರದೆ ಅತ್ತಾಗ ಅಮ್ಮ ಹಿಂದೆ ನಿಂತು, ನನ್ನ ಎರಡೂ ಕೈಗಳ ಮೇಲೆ ತನ್ನ ಕೈಯಿಟ್ಟು ಬಟ್ಟೆ ಸರಿಸಿದ್ದಳು. ನೀನಾಗ ಹೊರಗೆ ಆಡುತ್ತಿದ್ದೆ.

"ಅಕ್ಕಾ, ನಿನಗೇನೂ ಬೇಡವಾ?" ಎಂದು ಬರೆದಿದ್ದೀಯ. ದೇವರು ಕೊಟ್ಟಿದ್ದು ನನ್ನ ಮನೆಯಲ್ಲಿ ಬೇಕಾದಷ್ಟಿದೆ. ನನಗೇನೂ ಬೇಡ.

ಮಕ್ಕಳು ಚೆನ್ನಾಗಿ ಓದಲಿ. ಗಂಡನ ಕೆಮ್ಮಿಗೆ ಡಾಕ್ಟರಿಗೆ ತೋರಿಸು, ಅಸಡ್ಡೆ ಮಾಡಬೇಡ. ನಿನ್ನ ಮನೆ ತುಂಬಿರಲಿ.

ಇಂತಿ,
ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ. ಆಸ್ಪತ್ರೆಯಲ್ಲಿ ಅಮ್ಮ ಕೇಳಿದ್ದಳು, "ಮೆಷಿನ್ ನೀನು ತಗೋತೀಯಾ, ಇಲ್ಲಾ ಅವಳಿಗೆ ಕೊಡ್ಲಾ?" "ಅವಳಿಗೇ ಕೊಡಮ್ಮಾ, ನಂಗ್ಯಾಕೆ?" ಅಂದುಬಿಟ್ಟೆ. ಇನ್ನೊಂದು ಸಲ ಕೇಳುತ್ತಾಳೆಂದು ಕಾದೆ. "ಸದ್ಯ, ಅದೊಂದು ಚಿಂತೆ ಇತ್ತು" ಎಂದು ಕಣ್ಣು ಮುಚ್ಚಿದಳು. ನಾನು ಬೇಡ ಎಂದದ್ದಕ್ಕೆ ಅವಳ ಮುಖದಲ್ಲಿ ಎಂಥ ನೆಮ್ಮದಿ, ಗುಬ್ಬಿ! ಅದನ್ನು ನಾನು ನುಂಗಲಾರೆ, ಉಗುಳಲಾರೆ.

ವ್ಯಾನ್ ಕಳಿಸುವ ಮುಂಚೆ ನೀನಾದರೂ ಇನ್ನೊಮ್ಮೆ ಕೇಳು. ನಾನು ಬೇಡ ಎಂದೇ ಹೇಳುತ್ತೇನೆ. ಆಮೇಲೂ ಕೇಳು.