ನನಗಿಟ್ಟ ಸದ್ದು

ಅಮ್ಮಾ,

ನಿನ್ನ ಬಟನ್ ಫೋನಿಗೆ ಇನ್ನೂ ಕರೆನ್ಸಿ ಹಾಕಿಸಬೇಕೇ ಎಂದು ಇವತ್ತು ಅಣ್ಣ ಕೇಳಿದ. ನೀನೇ ಇಲ್ಲದ ಮೇಲೆ ಅದೆಲ್ಲ ದಂಡ ಎಂದೆ. ಆದರೂ ನಂಬರು ನಡೆಯುತ್ತಿದೆಯೇ ನೋಡೋಣವೆಂದು ನಿನ್ನ ಮನೆಯಲ್ಲೇ ನಿಂತು ನನ್ನ ಫೋನಿನಿಂದ ಕರೆ ಮಾಡಿದೆ.

ಓದಲು ಬಾರದ ನೀನು ಒಬ್ಬೊಬ್ಬರಿಗೂ ಒಂದೊಂದು ಸದ್ದು ಇಡಿಸಿಕೊಂಡಿದ್ದೆಯಲ್ಲ, ರವಿಕೆ ಹೊಲಿಸುವ ಟೀಚರಿಗೆ ಕೋಳಿ ಕೂಗು, ಚಿಕ್ಕಮ್ಮನಿಗೆ ರೈಲು. ನನಗೇನಿಟ್ಟಿದ್ದೆಯೋ ಗೊತ್ತಿರಲಿಲ್ಲ, ಕರೆ ಮಾಡುವವಳಿಗೆ ಅದು ಕೇಳಿಸುವುದಾದರೂ ಹೇಗೆ?

ಹೊಲಿಗೆ ಯಂತ್ರದ ಮೇಲಿದ್ದ ನಿನ್ನ ಪುಟ್ಟ ಫೋನಿನೊಳಗಿಂದ ಕೂಸೊಂದು ಕಿಲಕಿಲ ನಕ್ಕಿತು. ತಲೆ ನರೆತರೂ ನಿನಗೆ ನಾನಿನ್ನೂ ಕೂಸೇ. ಇಷ್ಟು ವರ್ಷ ನಾನು ನಿನ್ನ ಮನೆಯೊಳಕ್ಕೆ ಹೀಗೆ ಬರುತ್ತಿದ್ದೆನೇ, ಅಮ್ಮಾ!

ಕೊನೆತನಕ ನಿನ್ನ ಜೊತೆಯಲ್ಲೇ ಇದ್ದ ಅಣ್ಣ ಅಡುಗೆಮನೆಯಿಂದ ಓಡಿ ಬಂದ.

"ಇದ್ಯಾರ ಸದ್ದೇ? ನಾನು ಒಂದ್ಸಲನೂ ಕೇಳಿಲ್ವಲ್ಲ!"

ಆಗ ಹೊಳೆಯಿತು: ಪ್ರತಿ ಸಲವೂ ಕರೆ ಮಾಡುತ್ತಿದ್ದವಳು ನೀನೇ, ನಾನಾಗಿ ಒಮ್ಮೆಯೂ ಮಾಡಿರಲಿಲ್ಲ.

"ನಂಬರ್ ಇರ್ಲಿ ಅಣ್ಣ," ಎಂದೆ, "ಕರೆನ್ಸಿ ನಾನೇ ಹಾಕಿಸ್ತೀನಿ."