ಇಸ್ತ್ರಿಪೆಟ್ಟಿಗೆಯ ಬೆಲೆಗೆ ಹೊಲಿಗೆ ಮೆಷಿನ್

ಅಂಗಡಿಯ ಗಲ್ಲಾ ಬಳಿಯಿಂದ,
ಶನಿವಾರ ಮಧ್ಯಾಹ್ನ

ಪ್ರೀತಿಯ ಸೊಸೆಗೆ ನಿನ್ನ ಅತ್ತೆಯ ಆಶೀರ್ವಾದಗಳು.

ನಿಮ್ಮ ತಂದೆಯವರ ಕಾಲು ಹೇಗಿದೆ? ಕಟ್ಟು ಬಿಚ್ಚುವವರೆಗೂ ನೆಲಕ್ಕೆ ಊರಲು ಬಿಡಬೇಡ. ಗಂಡಸರಿಗೆ ನೋವು ಕಡಿಮೆಯಾದ ಕೂಡಲೇ ವಾಸಿಯಾಯಿತೆಂದೇ ಲೆಕ್ಕ. ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡು. ನಾವು ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಆದರೆ ಬೆಳಗ್ಗೆಯಿಂದ ಅಂಗಡಿಯಲ್ಲಿ ದೊಡ್ಡ ರಾದ್ಧಾಂತವೇ ಆಗಿಹೋಗಿದೆ. ಫೋನಿನಲ್ಲಿ ಹೇಳೋಣವೆಂದರೆ ಇಲ್ಲಿ ಎಲ್ಲರ ಕಿವಿಯೂ ನನ್ನ ಮೇಲೇ ಇದೆ.

ಪೇಪರಿಗೆ ಜಾಹೀರಾತು ಕೊಟ್ಟಿದ್ದೆವಲ್ಲ, ಅದು ಇವತ್ತು ಬಂದಿದೆ. ಕಸೂತಿ ಹಾಕುವ ಹೊಲಿಗೆ ಮೆಷಿನ್ನಿನ ಚಿತ್ರದ ಕೆಳಗೆ ಇಸ್ತ್ರಿಪೆಟ್ಟಿಗೆಯ ಬೆಲೆ! ಅಚ್ಚಿಗೆ ಹೋಗುವ ಮುಂಚೆ ಒಮ್ಮೆ ನೋಡಿ ಎಂದು ಪೇಪರಿನವರು ಕಳಿಸಿದ್ದನ್ನು ನಿನ್ನ ಗಂಡ ಅರೆಗಣ್ಣಲ್ಲಿ ನೋಡಿ ಸರಿಯಿದೆ ಎಂದುಬಿಟ್ಟನಂತೆ. ನಾನು ಬರುವಷ್ಟರಲ್ಲಿ ರಸ್ತೆ ತುಂಬ ಜನ. ಒಬ್ಬ ಪೇಪರನ್ನು ನನ್ನ ಮುಖಕ್ಕೇ ಹಿಡಿದು "ಹಾಕಿರೋ ಬೆಲೆಗೆ ಕೊಡ್ಲೇಬೇಕು, ಕಾನೂನಿದೆ" ಎಂದು ಕೂಗಿದ. ಇನ್ನೊಬ್ಬ ಬಾಗಿಲ ಗಾಜು ಗುದ್ದಿದ. ಎದುರು ಮಹಡಿಯ ವಕೀಲರು ಇಳಿದು ಬಂದದ್ದು ನಮ್ಮ ಪುಣ್ಯ. "ಜಾಹೀರಾತು ಅಂದ್ರೆ ಬನ್ನಿ ಅಂತ ಕರೆಯೋದು ಅಷ್ಟೇ. ಕೊಳ್ತೀನಿ ಅಂತ ನೀವು ಕೇಳ್ಬೇಕು, ಆಯ್ತು ಅಂತ ಇವ್ರು ಒಪ್ಪಬೇಕು. ಒಪ್ಪೋ ಮುಂಚೆ ತಪ್ಪಾಗಿದೆ ಅಂದ್ರೆ ಬಲವಂತ ಮಾಡೋಕಾಗಲ್ಲ" ಎಂದರು. ಗೊಣಗುತ್ತ, ಶಾಪ ಹಾಕುತ್ತ ಎಲ್ಲರೂ ಹೋದರು, ಒಬ್ಬಳ ಹೊರತು.

ಅವಳ ಕೈಯಲ್ಲಿ ಬಿಲ್ ಇತ್ತು. ಬಾಗಿಲು ತೆರೆದ ಕೂಡಲೇ ಬಂದಿದ್ದಾಳೆ. ಗಲ್ಲಾದಲ್ಲಿ ನಿನ್ನ ಮಾವ. ಅವರಿಗೆ ಪೇಪರಿನಲ್ಲಿ ಬಂದದ್ದೆಲ್ಲ ವೇದವಾಕ್ಯ. ಕನ್ನಡಕ ಏರಿಸಿ ಜಾಹೀರಾತು ಓದಿ, ಹಣ ಇಸಿದುಕೊಂಡು, ಮೆಷಿನ್ನಿನ ನಂಬರನ್ನೂ ಬರೆದು ಬಿಲ್ ಹರಿದು ಕೊಟ್ಟಿದ್ದಾರೆ, ಮೆಷಿನ್ ಮಾತ್ರ ಇನ್ನೂ ಅವಳ ಕೈಗೆ ಹೋಗಿಲ್ಲ. ಕೇಳಿದರೆ "ಮಗ ಏನೋ ರಿಯಾಯಿತಿ ಹಾಕಿದಾನೆ ಅನ್ಕೊಂಡೆ ಕಣೇ" ಅನ್ನುತ್ತಾರೆ. ಬೈಯೋಣವೆಂದರೆ ಆ ಮುಖ ನೋಡಿ ಪಾಪ ಅನ್ನಿಸಿತು.

ಇದಕ್ಕೆ ವಕೀಲರೂ ತಲೆ ಕೆರೆದುಕೊಂಡರು. ಬಿಲ್ ಹರಿದ ಮೇಲೆ ಮಾರಾಟ ಆದಂತೆಯೇ, ಬೆಲೆ ತಪ್ಪೆಂದು ಗೊತ್ತಿದ್ದೇ ಕೊಂಡಳು ಎಂದು ತೋರಿಸಿದರೆ ಮಾತ್ರ ಕೇಸು ನಮ್ಮ ಕಡೆ ವಾಲೀತು ಎಂದರು. ಅವಳೋ ಹರಿದ ಬಟ್ಟೆ ಹೊಲಿದುಕೊಟ್ಟು ಬದುಕುವವಳು, ಅದೂ ಗಂಟೆಗಿಷ್ಟೆಂದು ಬಾಡಿಗೆ ಕೊಟ್ಟು ಬೇರೆಯವರ ಮೆಷಿನ್ನಿನಲ್ಲಿ. ಹಣ ವಾಪಸ್ ಕೊಡಲು ಹೋದರೆ ಮುಟ್ಟುತ್ತಿಲ್ಲ. ಅಂಗಡಿಯ ಮುಂದಿನ ಮೆಟ್ಟಿಲ ಮೇಲೆ ಕೂತವಳು ಈಗಲೂ ಕೂತೇ ಇದ್ದಾಳೆ. ನೀರು ಕೊಡುವ ನೆಪದಲ್ಲಿ ಪಕ್ಕ ಕೂತು "ಇಷ್ಟು ಕಮ್ಮಿ ಬೆಲೆ ನೋಡಿ ಅನುಮಾನ ಬರಲಿಲ್ವೇನಮ್ಮಾ?" ಎಂದೆ. ಸುಳ್ಳು ಹೇಳಬಹುದಿತ್ತು. "ಬಂತು. ಅದಕ್ಕೇ ಎಲ್ಲರಿಗಿಂತ ಮುಂಚೆ ಬಂದೆ" ಎಂದಳು. ಆ ಮಾತು ಕೇಳಿದ್ದು ನಾನೊಬ್ಬಳೇ. ವಕೀಲರಿಗೆ ಹೇಳಲು ಬಾಯಿ ಬರುತ್ತಿಲ್ಲ, ಹೇಳದೆ ಇರಲು ಧೈರ್ಯವೂ ಇಲ್ಲ.

ಸಾಮಾನಿನ ವ್ಯಾನ್ ನಿಮ್ಮ ಕಡೆಗೇ ಹೊರಟಿದೆ, ಡ್ರೈವರ್ ಹಾರ್ನ್ ಒತ್ತುತ್ತಿದ್ದಾನೆ. ನಿಮ್ಮ ತಂದೆಯವರಿಗೆ ನಮ್ಮೆಲ್ಲರ ನಮಸ್ಕಾರ ಹೇಳು.

ನೂರು ಕಾಲ ಚೆನ್ನಾಗಿರು,
ನಿನ್ನ ಅತ್ತೆ

ತಾ.ಕ.: ಮಾವ ಬಿಲ್ಲಿನಲ್ಲಿ ಬರೆದ ನಂಬರು ಒಳಗೆ ಮಹಡಿ ಮೆಟ್ಟಿಲ ಕೆಳಗಿಟ್ಟ ಡಬ್ಬದ ಮೆಷಿನ್ನಿನದು. ಹೌದು, ನೀನು ಸ್ವಂತ ಕೆಲಸ ಶುರುಮಾಡಲೆಂದು ನಾನು ಎತ್ತಿಟ್ಟದ್ದೇ. ಉಳಿದವೆಲ್ಲ ಕಂಪನಿಯವರ ಸರಕು, ಮಾರಿದರೆ ಅವರಿಗೆ ಪೂರ್ತಿ ಬೆಲೆ ಕಟ್ಟಬೇಕು, ನಮ್ಮದೆಂದು ಕೊಂಡದ್ದು ಅದೊಂದೇ. ಇನ್ನೊಂದು ಕೊಳ್ಳಲು ಈ ವರ್ಷ ಕೈಲಾಗದು. ಅವಳ ಹತ್ತಿರ ಬಿಲ್ ಇದೆ, ನಿನ್ನ ಹತ್ತಿರ ನನ್ನ ಮಾತು ಮಾತ್ರ. ನಿನಗೆ ಬೇಕೆಂದರೆ ಅವಳು ಅಂದದ್ದನ್ನು ವಕೀಲರಿಗೆ ಹೇಳಿಬಿಡುತ್ತೇನೆ, ಪಾಪ ನನಗಿರಲಿ. ಓದಿದ ಕೂಡಲೇ ಫೋನ್ ಮಾಡು. ಅವಳಿಗೆ ಕೊಡುವುದಾದರೆ ಹೂಂ, ಇಲ್ಲವಾದರೆ ಉಹೂಂ, ಅಷ್ಟೇ ಸಾಕು. ನಿನ್ನ ಗಂಡ ಕೇಳಿದರೆ ನೀನು "ಕೊಟ್ಬಿಡಿ" ಅಂತೀಯ, ನನಗೆ ಗೊತ್ತು. ನನಗೆ ಮಾತ್ರ ನಿಜ ಹೇಳು.